ಉಪಗ್ರಹದ ಕಣ್ಣಿಗೆ ಬೀಳದ ಎರಡು ಮೊಳ

ಏಪ್ರಿಲ್ ತಿಂಗಳಲ್ಲಿ ಕಲಬುರಗಿ ಸೀಮೆಯ ಮೇಲೆ ಹಾದುಹೋಗುವ ಉಪಗ್ರಹಕ್ಕೆ ನೆಲ ಸಂಪೂರ್ಣ ಬಯಲಾಗಿ ಸಿಗುತ್ತದೆ. ತೊಗರಿಯ ರಾಶಿ ಮುಗಿದಿರುತ್ತದೆ, ಹಿಂಗಾರಿ ಜೋಳ ಮನೆ ಸೇರಿರುತ್ತದೆ, ಮುಂಗಾರಿನ ಮೋಡ ಇನ್ನೂ ದೂರ. ಚಿತ್ರದ ತುಂಬ ಮೈಲುಗಟ್ಟಲೆ ಕಪ್ಪು. ಆ ಕಪ್ಪಿನೊಳಗೆ ಒಂದೇ ಇಳಿಜಾರಿನ ಮೇಲೊಂದು, ಕೆಳಗೊಂದು ಹೊಲ ಇವೆ ಎಂದುಕೊಳ್ಳಿ. ಮೇಲಿನ ಹೊಲದಲ್ಲಿ ಗುದ್ದಲಿ ಒಂದು ಗೇಣು ಇಳಿಯುವಷ್ಟರಲ್ಲಿ ಕರಿಗಲ್ಲಿಗೆ ತಾಗಿ ಠಣ್ ಎನ್ನುತ್ತದೆ. ಕೆಳಗಿನ ಹೊಲದಲ್ಲಿ ಆಳುದ್ದ ತೋಡಿದರೂ ಬರೀ ಎರೆಮಣ್ಣು. ಒಂದು ಮೀಟರ್ ಆಳದ ಜಿಗುಟು ಎರೆಮಣ್ಣು ಬೆಳೆಯ ಬೇರಿಗೆ ಎಟುಕುವಂಥ 150ರಿಂದ 200 ಮಿಲಿಮೀಟರ್ ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಒಂದು ಗೇಣು ಮಣ್ಣಿಗೆ ಅದರ ಕಾಲುಭಾಗವೂ ದಕ್ಕುವುದಿಲ್ಲ. ಮಳೆ ಮೂರು ವಾರ ಕೈಕೊಟ್ಟರೆ ಮೇಲಿನ ಹೊಲದ ತೊಗರಿ ಬಾಡುತ್ತದೆ, ಕೆಳಗಿನದು ತಡೆದುಕೊಳ್ಳುತ್ತದೆ. ಒಣಬೇಸಾಯದ ರೈತನ ಪಾಲಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿಲ್ಲ. ಆದರೆ ಏಳುನೂರು ಎಂಟುನೂರು ಕಿಲೋಮೀಟರ್ ಎತ್ತರದಿಂದ ನೋಡಿದರೆ ಎರಡೂ ಒಂದೇ ಕಪ್ಪು.

ಮಣ್ಣಿನ ನಕ್ಷೆ ಎಂದೊಡನೆ ಈಗ ಎಲ್ಲರಿಗೂ ಉಪಗ್ರಹ ನೆನಪಾಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದ ತೇಪೆಗಳ ನಕ್ಷೆ ಮೂಡಿದರೆ ಕೆಲಸ ಮುಗಿಯಿತು ಎಂಬ ಭಾವನೆ ಕಚೇರಿಗಳಲ್ಲೂ ಬೆಳೆಯುತ್ತಿದೆ. ಉಪಗ್ರಹ ನಿಜಕ್ಕೂ ಏನನ್ನು ನೋಡುತ್ತದೆ, ಏನನ್ನು ನೋಡಲಾರದು ಎಂಬುದನ್ನು ಬಿಡಿಸಿ ಹೇಳದೆ ಆ ನಕ್ಷೆಯನ್ನು ನಂಬುವುದು ಅಪಾಯಕಾರಿ. ಕರ್ನಾಟಕದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಒಳ್ಳೆಯ ಮಣ್ಣಿನ ನಕ್ಷೆಗಳು ಬಂದಿವೆ. ಅವು ಒಳ್ಳೆಯವಾದದ್ದು ಉಪಗ್ರಹದ ಜೊತೆಗೆ ಗುದ್ದಲಿಯೂ ಹೊಲಕ್ಕೆ ಇಳಿದದ್ದರಿಂದ.

ಉಪಗ್ರಹದ ಕ್ಯಾಮೆರಾಕ್ಕೆ ತಲುಪುವುದು ನೆಲದ ಮೇಲಿನಿಂದ ಪುಟಿದ ಬಿಸಿಲು. ಮಣ್ಣಿನೊಳಗೆ ಬೆಳಕು ಒಂದು ಮಿಲಿಮೀಟರ್ ಇಳಿದರೆ ಹೆಚ್ಚು. ಆ ತೆಳುಪೊರೆಯಲ್ಲಿ ಏನಿದೆಯೋ ಅದರಂತೆ ಕೆಲವು ಬಣ್ಣಗಳ ಬೆಳಕು ಹೀರಿಹೋಗುತ್ತದೆ, ಕೆಲವು ಹಿಂತಿರುಗುತ್ತವೆ. ಕೆಮ್ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ನೀಲಿ, ಹಸಿರು ಬೆಳಕನ್ನು ನುಂಗಿ ಕೆಂಪನ್ನು ಹೊರಗೆ ಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪಿನ ಪಟ್ಟಿಯಲ್ಲಿ ಇನ್ನೂ ಸೂಕ್ಷ್ಮ ಗುರುತುಗಳಿವೆ: ಜೇಡಿಯ ಖನಿಜಗಳು 2.2 ಮೈಕ್ರೋಮೀಟರ್ ಆಸುಪಾಸಿನಲ್ಲಿ, ಸುಣ್ಣದ ಅಂಶ 2.3ರ ಆಸುಪಾಸಿನಲ್ಲಿ, ನೀರು 1.4 ಮತ್ತು 1.9ರಲ್ಲಿ ಬೆಳಕನ್ನು ಹೀರುತ್ತವೆ. ಈ ಗುರುತುಗಳನ್ನು ಓದಬಲ್ಲ ಉಪಕರಣ ಇದ್ದರೆ ಮೇಲ್ಮಣ್ಣಿನ ಜಾತಿಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ತೊಡಕು ಇರುವುದು ಇಲ್ಲೇ. ಹೊಲದ ಬದುಗಳನ್ನು ಸ್ಪಷ್ಟವಾಗಿ ತೋರಿಸುವ, 5.8 ಮೀಟರ್ ಸ್ಪಷ್ಟತೆಯ ನಮ್ಮ ಲಿಸ್-4 ಕ್ಯಾಮೆರಾಕ್ಕೆ ಇರುವುದು ಹಸಿರು, ಕೆಂಪು, ಸಮೀಪದ ಅವಕೆಂಪು ಎಂಬ ಮೂರೇ ಪಟ್ಟಿ. ಜೇಡಿ, ಸುಣ್ಣದ ಗುರುತು ಅದರ ಕಣ್ಣಿಗೆ ಬೀಳದು. ಗೆರೆಯನ್ನು ಅಚ್ಚುಕಟ್ಟಾಗಿ ಎಳೆಯಬಲ್ಲ ಕ್ಯಾಮೆರಾ ಬೇರೆ, ಮಣ್ಣಿನ ಗುಣ ಓದಬಲ್ಲ ಕ್ಯಾಮೆರಾ ಬೇರೆ.

ತಜ್ಞರು ಮೇಜಿನ ಮೇಲೆ ಹರಡಿಕೊಳ್ಳುವ ಚಿತ್ರದ ಬಣ್ಣಗಳೂ ನಾವು ಕಾಣುವ ಬಣ್ಣಗಳಲ್ಲ. ಸಮೀಪದ ಅವಕೆಂಪನ್ನು ಕೆಂಪಾಗಿ ತೋರಿಸುವ ವಾಡಿಕೆ ಇರುವುದರಿಂದ ಹಸಿರು ಬೆಳೆ ಕೆಂಪಾಗಿ ಕಾಣುತ್ತದೆ, ನಿಜವಾದ ಕೆಮ್ಮಣ್ಣು ಹಳದಿ, ಹಸಿರುಮಿಶ್ರಿತ ಹಳದಿಯತ್ತ ವಾಲುತ್ತದೆ, ಎರೆಭೂಮಿ ನೀಲಿಗಪ್ಪು, ಚೌಳು ಬಿಳಿ. ಹಸಿಯಾಗಿರುವ ಎರೆಯನ್ನೂ ಕೆರೆಯ ನೀರನ್ನೂ ಬೇರೆ ಮಾಡಲು ಅನುಭವ ಬೇಕು. ಹಿಂದಿನ ದಿನ ಮಳೆ ಬಿದ್ದಿದ್ದರೆ ಎಲ್ಲ ಮಣ್ಣೂ ಒಂದು ಛಾಯೆ ಗಾಢವಾಗುತ್ತದೆ. ಆಗಷ್ಟೇ ನೇಗಿಲು ಹೊಡೆದ ಹೊಲ, ಹೆಂಟೆಗಳ ನೆರಳಿನಿಂದಾಗಿ, ಪಕ್ಕದ ಹೊಲಕ್ಕಿಂತ ಕಪ್ಪಾಗಿ ಕಾಣುತ್ತದೆ. ಕೂಳೆ, ಕಡ್ಡಿ ಉಳಿದ ಹೊಲ ಮತ್ತೊಂದು ಬಗೆ. ಹೀಗಾಗಿ ಮಣ್ಣಿನ ಕೆಲಸಕ್ಕೆ ಬಯಲುಸೀಮೆಯಲ್ಲಿ ಬೇಸಿಗೆಯ ಚಿತ್ರವನ್ನೇ ಆರಿಸುತ್ತಾರೆ, ಒಂದನ್ನಲ್ಲ, ಹಲವು ವರ್ಷಗಳದ್ದನ್ನು.

ಬಣ್ಣದಿಂದಾಗುವ ದೊಡ್ಡ ಮೋಸ ಇನ್ನೊಂದಿದೆ. ಕಪ್ಪು ಮಣ್ಣೆಂದರೆ ಸಾವಯವ ಇಂಗಾಲ ತುಂಬಿದ ಮಣ್ಣು ಎಂಬುದು ಉಕ್ರೇನ್, ರಷ್ಯಾದ ಹುಲ್ಲುಗಾವಲುಗಳಲ್ಲಿ ನಿಜ. ಅಲ್ಲಿನ ಚೆರ್ನೋಜೆಮ್ ಕಪ್ಪಾಗಿರುವುದು ಕೊಳೆತ ಹುಲ್ಲಿನಿಂದ. ನಮ್ಮ ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಅನೇಕ ಕಡೆ ಶೇ 1 ಕೂಡ ದಾಟುವುದಿಲ್ಲ. ಹಿಗ್ಗಿ ಕುಗ್ಗುವ ಜೇಡಿ ಖನಿಜಕ್ಕೆ ಅಷ್ಟಿಷ್ಟು ಸಾವಯವ ಅಂಶ ಗಟ್ಟಿಯಾಗಿ ಅಂಟಿಕೊಂಡು ಆ ಕಪ್ಪು ಬಂದಿದೆ. ಹೊರದೇಶದ ಮಣ್ಣಿನಲ್ಲಿ ಪಳಗಿದ ಲೆಕ್ಕಾಚಾರವನ್ನು ಹಾಗೇ ತಂದು ವಿಜಯಪುರದ ಮೇಲೆ ಹೊದಿಸಿದರೆ ಬಡಮಣ್ಣು ಕೂಡ ಸಿರಿವಂತವಾಗಿ ಕಾಣುತ್ತದೆ.

1972ರ ಜುಲೈನಲ್ಲಿ ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಹಾರಿಸಿತು. ಭಾರತದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಮೇಲೇರಿತು. ಈ ನಡುವೆ, ನಾಗಪುರದಲ್ಲಿ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವೂ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆ ಇಡೀ ದೇಶದ ಮಣ್ಣನ್ನು 1:2,50,000 ಪ್ರಮಾಣದಲ್ಲಿ ನಕ್ಷೆ ಮಾಡಲು ಹೊರಟಿತು. ಕರ್ನಾಟಕದ ಮಣ್ಣುಗಳ ಸಂಪುಟ 1998ರಲ್ಲಿ ಬಂತು. ರಾಜ್ಯದ ಮಟ್ಟದಲ್ಲಿ ಯೋಚಿಸಲು ಅದು ಇಂದಿಗೂ ಆಧಾರ. ಆದರೆ ಆ ಪ್ರಮಾಣದಲ್ಲಿ ನಕ್ಷೆಯ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್. ಒಂದು ಎಕರೆ ಹೊಲ ಅದರಲ್ಲಿ ಕಾಲು ಮಿಲಿಮೀಟರಿನ ಚುಕ್ಕೆ. ಪೆನ್ಸಿಲ್ ಮೊನೆಯಡಿ ಮುಚ್ಚಿಹೋಗುವ ಹೊಲಕ್ಕೆ ಏನು ಸಲಹೆ ಕೊಡಲು ಸಾಧ್ಯ?

ಈ ಕೊರತೆಯನ್ನು ತುಂಬಿದ್ದು ಸುಜಲಾ ಯೋಜನೆಯ ಮೂರನೇ ಹಂತ. ವಿಶ್ವಬ್ಯಾಂಕ್ ನೆರವಿನಿಂದ 2012ರಲ್ಲಿ ಮೊದಲಾದ ಈ ಜಲಾನಯನ ಯೋಜನೆ ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಗದಗ, ದಾವಣಗೆರೆ, ಚಾಮರಾಜನಗರದಂಥ ಜಿಲ್ಲೆಗಳಲ್ಲಿ ಭೂ ಸಂಪನ್ಮೂಲ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ಕೃಷಿ ವಿಶ್ವವಿದ್ಯಾಲಯಗಳು ಜೊತೆಗೂಡಿದವು. ಕೆಲಸದ ಘಟಕ ಸುಮಾರು 500 ಹೆಕ್ಟೇರಿನ ಕಿರು ಜಲಾನಯನ. ಮುಖ್ಯವಾದ ನಿರ್ಧಾರ ಒಂದೇ ಒಂದು: ಮಣ್ಣಿನ ನಕ್ಷೆಯನ್ನು ಗ್ರಾಮನಕ್ಷೆಯ ಮೇಲೆಯೇ ಬರೆಯಬೇಕು. ಮೈಲಿಗೆ ಎಂಟು ಇಂಚು, ಅಂದರೆ 1:7,920 ಪ್ರಮಾಣ. ಇದರಲ್ಲಿ ಒಂದು ಎಕರೆ ಎಂಟು ಮಿಲಿಮೀಟರಿನ ಚೌಕವಾಗುತ್ತದೆ. ಸರ್ವೆ ನಂಬರು ಓದಲು ಬರುತ್ತದೆ, ಹೊಲದೊಳಗೆ ಎರಡು ಬಗೆಯ ಮಣ್ಣಿದ್ದರೆ ನಡುವೆ ಗೆರೆ ಎಳೆಯಲೂ ಜಾಗ ಸಿಗುತ್ತದೆ. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1ರ ಎರಡೂವರೆ ಮೀಟರ್ ಸ್ಪಷ್ಟತೆಯ ಕಪ್ಪುಬಿಳುಪು ಚಿತ್ರವನ್ನೂ ಲಿಸ್-4ರ ಬಣ್ಣವನ್ನೂ ಬೆರೆಸಿ, ಅದರ ಮೇಲೆ ಸರ್ವೆ ನಂಬರುಗಳ ಗೆರೆಗಳನ್ನು ಹಾಸಿದರು.

ಹೇಳಿದಷ್ಟು ಸಲೀಸಲ್ಲ ಇದು. ಗ್ರಾಮನಕ್ಷೆಗಳು ಸರಪಳಿ ಎಳೆದು ಅಳೆದ ಕಾಲದವು. ಬಟ್ಟೆಯ ಮೇಲೆ, ಕಾಗದದ ಮೇಲೆ ಬರೆದದ್ದು ಕುಗ್ಗಿದೆ, ಮಡಿಕೆಯಲ್ಲಿ ಹರಿದಿದೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟರೆ ಹಳ್ಳ ಒಂದು ಕಡೆ, ಹಳ್ಳದ ಗೆರೆ ಇನ್ನೊಂದು ಕಡೆ. ಮೂರು ಊರುಗಳ ಗಡಿ ಕೂಡುವ ಕಲ್ಲು, ಹಳೆಯ ಕೆರೆ ಏರಿ, ಬದಲಾಗದ ಬಂಡಿದಾರಿ ಇವುಗಳನ್ನು ಹುಡುಕಿ ಹುಡುಕಿ ಒಂದೊಂದೇ ಬಿಂದುವನ್ನು ಕೂಡಿಸಬೇಕು. ಇಂದು ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರು ನೋಡುವವರಿಗೆ ಹತ್ತಿಪ್ಪತ್ತು ಅಡಿ ಆಚೀಚೆ ಆಗುವ ಅನುಭವ ಇದ್ದೇ ಇರುತ್ತದೆ. ಮಣ್ಣಿನ ನಕ್ಷೆಯೂ ಆ ದೋಷವನ್ನು ಹೊತ್ತುಕೊಂಡೇ ಬರುತ್ತದೆ.

ಚಿತ್ರ ಸಿದ್ಧವಾದ ಮೇಲೆ ತಂಡ ಊರಿಗೆ ಹೋಗುತ್ತದೆ. ಮೊದಲು ನಡಿಗೆ. ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ನೇರ ಇಳಿದು ಬರುವಾಗ ಮಣ್ಣು ಹೆಜ್ಜೆಹೆಜ್ಜೆಗೆ ಬದಲಾಗುವುದು ಕಾಣುತ್ತದೆ. ನೆತ್ತಿಯಲ್ಲಿ ಗರಸು ತುಂಬಿದ ಮಡ್ಡಿ, ಓರೆಯಲ್ಲಿ ಮಸಾರಿ, ತಗ್ಗಿನಲ್ಲಿ ಎರೆ. ಮೇಲಿನಿಂದ ನೀರು ಕೊಚ್ಚಿ ತಂದ ನುಣುಪು ಕಣ ಕೆಳಗೆ ಕೂತಿದೆ, ಕರಗಿದ ಸುಣ್ಣವೂ ಅಲ್ಲೇ ಇಳಿದಿದೆ. ಉಪಗ್ರಹ ಚಿತ್ರದ ದೊಡ್ಡ ಉಪಕಾರ ಇಲ್ಲಿದೆ. ಬಣ್ಣ, ಹೊಲಗಳ ಆಕಾರ, ಹಳ್ಳಗಳ ಕವಲು, ಇಳಿಜಾರಿನ ತಿರುವು ನೋಡಿ ಈ ಪಟ್ಟಿಗಳು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಬಹುದು ಎಂದು ಅದು ಮೊದಲೇ ಹೇಳುತ್ತದೆ. ಹಿಂದೆ ಕುರುಡಾಗಿ ನೂರು ಕಡೆ ಅಗೆಯಬೇಕಾಗಿದ್ದಲ್ಲಿ ಈಗ ಎಲ್ಲಿ ಅಗೆದರೆ ಹೆಚ್ಚು ತಿಳಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಆಮೇಲೆ ಗುಂಡಿ. ಬಂಡೆ ಸಿಗುವವರೆಗೆ, ಸಿಗದಿದ್ದರೆ ಸುಮಾರು ಎರಡು ಮೀಟರ್ ಆಳದವರೆಗೆ. ಬಿಸಿಲು ನೇರ ಬೀಳುವ ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡುತ್ತಾರೆ, ಎದುರು ಬದಿಯಲ್ಲಿ ಇಳಿಯಲು ಮೆಟ್ಟಿಲು. ಮೇಲಿನಿಂದ ಅಳತೆಪಟ್ಟಿ ಇಳಿಬಿಟ್ಟು ಚಿತ್ರ ತೆಗೆದ ಮೇಲೆ ಪದರಗಳ ಲೆಕ್ಕ ಶುರು. ಒಂದು ಹೆಂಟೆ ಮುರಿದು, ನೀರು ಚಿಮುಕಿಸಿ, ಮುನ್ಸೆಲ್ ಬಣ್ಣದ ಪುಸ್ತಕದ ಪುಟ್ಟ ಚೌಕಗಳ ಪಕ್ಕ ಹಿಡಿಯುತ್ತಾರೆ. ಕೆಮ್ಮಣ್ಣಾದರೆ 2.5 ವೈಆರ್ ಪುಟ, ಎರೆಯಾದರೆ 10 ವೈಆರ್ ಪುಟದ ಕೆಳಸಾಲು. ಹೆಬ್ಬೆರಳು ತೋರುಬೆರಳ ನಡುವೆ ಹಸಿಮಣ್ಣನ್ನು ಉಜ್ಜಿ ರಿಬ್ಬನ್ನಿನಂತೆ ಹೊರಳಿಸಿದಾಗ ಅದು ಎಷ್ಟು ಉದ್ದ ಬರುತ್ತದೆ, ಮರಳು ಎಷ್ಟು ಚುಚ್ಚುತ್ತದೆ ಎಂಬುದರಿಂದ ಜೇಡಿಯ ಅಂದಾಜು. ತೆಳುಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟರೆ, ಸುಣ್ಣ ಇದ್ದ ಕಡೆ ಸುಯ್ ಎಂದು ನೊರೆಯೇಳುತ್ತದೆ. ಎರೆಯ ಗುಂಡಿಯಲ್ಲಿ ಮೊಣಕಾಲೆತ್ತರದಿಂದ ಕೆಳಗೆ ಓರೆಯಾಗಿ ಹೊಳೆಯುವ ನುಣುಪು ಮುಖಗಳು ಸಿಗುತ್ತವೆ. ಮಳೆಯಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗಿ, ಮಣ್ಣಿನ ಗಡ್ಡೆಗಳು ಒಂದರ ಮೇಲೊಂದು ಜಾರಿ ತಿಕ್ಕಿದ ಗುರುತು ಅದು. ಬೇರು ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಅಡ್ಡ ತಿರುಗಿದೆ ಎಂಬುದನ್ನೂ ಬರೆದುಕೊಳ್ಳುತ್ತಾರೆ. ನೋಡುತ್ತ ನಿಂತ ಹೊಲದ ಯಜಮಾನರಿಗೆ ಈ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ತಮ್ಮ ಹೊಲದ ಒಳಗೋಡೆಯನ್ನು ಅವರೂ ಬಹುಪಾಲು ಮೊದಲ ಸಲ ನೋಡುತ್ತಿರುತ್ತಾರೆ.

ಗುಂಡಿಯಲ್ಲಿ ಕಂಡದ್ದರ ಮೇಲೆ ಮಣ್ಣಿನ ಶ್ರೇಣಿ ನಿರ್ಧಾರವಾಗುತ್ತದೆ. ಒಂದೇ ಶ್ರೇಣಿಯೊಳಗೆ ಮೇಲ್ಮಣ್ಣು, ಇಳಿಜಾರು, ಕೊರೆತ, ಗರಸಿನ ಪ್ರಮಾಣ ನೋಡಿ ಮತ್ತೆ ವಿಂಗಡಣೆ. ಪೋಷಕಾಂಶ ಪರೀಕ್ಷೆಗೆ 320 ಮೀಟರ್ ಅಂತರದ ಚೌಕಗಳಲ್ಲಿ ಮೇಲ್ಮಣ್ಣಿನ ಮಾದರಿ ಬೇರೆ. ಇವೆಲ್ಲ ಸೇರಿ, ಈ ಸರ್ವೆ ನಂಬರಿನಲ್ಲಿ ತೊಗರಿ ಬರುತ್ತದೆಯೇ, ದಾಳಿಂಬೆ ನಿಲ್ಲುತ್ತದೆಯೇ, ಬದು ಎಷ್ಟು ಅಂತರದಲ್ಲಿರಬೇಕು, ಕೃಷಿಹೊಂಡ ತೋಡಿದರೆ ನೀರು ನಿಲ್ಲುತ್ತದೋ ಬಸಿಯುತ್ತದೋ ಎಂಬ ಮಾತು ಆಡಲು ಬರುತ್ತದೆ.

ಆಳವನ್ನು ಉಪಗ್ರಹ ಕಾಣಲಾರದು ಎಂದೆ. ಓರೆಗಣ್ಣಿನಿಂದ ಸ್ವಲ್ಪ ಕಾಣುತ್ತದೆ ಎಂಬುದನ್ನೂ ಹೇಳಬೇಕು. ಮಳೆ ನಿಂತ ಮೇಲೆ ತೆಳುಮಣ್ಣಿನ ಹೊಲ ಮೊದಲು ಬಣ್ಣಗೆಡುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸ್ಪಷ್ಟತೆಯಲ್ಲಿ ಕೆಲವೇ ದಿನಗಳಿಗೊಮ್ಮೆ ಅದೇ ಹೊಲವನ್ನು ನೋಡಿ ಹೋಗುತ್ತವೆ. ನಾಲ್ಕೈದು ವರ್ಷಗಳ ಅಕ್ಟೋಬರ್, ನವೆಂಬರಿನ ಚಿತ್ರಗಳನ್ನು ಸಾಲಾಗಿಟ್ಟು ಯಾವ ಹೊಲ ಪ್ರತಿಸಲ ಬೇಗ ಒಣಗಿತು ಎಂದು ನೋಡಿದರೆ ಆಳದ ಸುಳಿವು ಸಿಗುತ್ತದೆ. ಆದರೆ ತಡವಾಗಿ ಬಿತ್ತಿದ್ದಕ್ಕೋ, ಬೇರೆ ತಳಿಗೋ, ಕೊಳವೆಬಾವಿಯ ನೀರಿಗೋ ಅದೇ ಬಗೆಯ ಗುರುತು ಮೂಡಬಹುದು.

ಇಂಥ ನೂರಾರು ಸುಳಿವುಗಳನ್ನು ಕಂಪ್ಯೂಟರಿಗೆ ಉಣಿಸಿ ನಕ್ಷೆ ಪಡೆಯುವ ಹೊಸ ವಿದ್ಯೆಗೆ ಡಿಜಿಟಲ್ ಮಣ್ಣು ನಕಾಶೆ ಎಂದು ಹೆಸರು. ಅದರ ಬೇರು ಹಳೆಯದು. ರಷ್ಯಾದ ದೊಕುಚಾಯೆವ್ 1883ರಲ್ಲಿಯೇ, ಮಣ್ಣು ಎಂದರೆ ಬರೀ ಪುಡಿಯಾದ ಕಲ್ಲಲ್ಲ, ಹವೆ, ಜೀವಿಗಳು, ನೆಲದ ಏರಿಳಿತ, ಮೂಲಶಿಲೆ, ಕಾಲ ಸೇರಿ ಆದದ್ದು ಎಂಬ ವಿಚಾರಕ್ಕೆ ದಾರಿ ಮಾಡಿದ್ದರು. ಹಾನ್ಸ್ ಯೆನ್ನಿ 1941ರಲ್ಲಿ ಅದನ್ನು ಸಮೀಕರಣದಂತೆ ಬರೆದರು. 2003ರಲ್ಲಿ ಸಿಡ್ನಿಯ ಅಲೆಕ್ಸ್ ಮೆಕ್‌ಬ್ರಾಟ್ನಿ ಮತ್ತು ಸಂಗಡಿಗರು, ಆ ಅಂಶಗಳ ಬದಲು ಉಪಗ್ರಹ ಚಿತ್ರ, ಎತ್ತರದ ದತ್ತಾಂಶ, ಮಳೆಯ ದಾಖಲೆಗಳನ್ನು ಇಟ್ಟು ಮಣ್ಣನ್ನು ಲೆಕ್ಕಹಾಕುವ ಚೌಕಟ್ಟು ಕೊಟ್ಟರು. ಎತ್ತರದ ದತ್ತಾಂಶಕ್ಕೆ 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯ ರೇಡಾರ್ ಹನ್ನೊಂದು ದಿನಗಳಲ್ಲಿ ಮಾಡಿದ ಅಳತೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮಲೆನಾಡು, ಕೊಡಗಿನಂಥ ಕಡೆ ಈ ದಾರಿಯೇ ಗತಿ. ಕಾಡು, ಕಾಫಿ, ಅಡಿಕೆಯ ಕೆಳಗೆ ಮಣ್ಣು ಉಪಗ್ರಹಕ್ಕೆ ವರ್ಷದ ಯಾವ ದಿನವೂ ಮುಖ ತೋರಿಸುವುದಿಲ್ಲ.

ನೆದರ್‌ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿರುವ ಐಎಸ್‌ಆರ್‌ಐಸಿ ಸಂಸ್ಥೆ ಹೀಗೆಯೇ ಇಡೀ ಜಗತ್ತಿನ ಮಣ್ಣಿನ ನಕ್ಷೆ ಮಾಡಿ ಉಚಿತವಾಗಿ ಕೊಟ್ಟಿದೆ. ದೊಡ್ಡ ಕೆಲಸ, ಉದಾರ ಕೆಲಸ. ಆದರೆ ಅದರ ಒಂದೊಂದು ಚೌಕ 250 ಮೀಟರ್ ಅಗಲ, ಅಂದರೆ ಹದಿನೈದು ಎಕರೆಗೂ ಹೆಚ್ಚು. ನಮ್ಮಲ್ಲಿ ಅಷ್ಟು ಜಾಗದಲ್ಲಿ ಐದಾರು ಮನೆತನಗಳ ಹೊಲ ಇರುತ್ತವೆ. ಇಂಥ ಲೆಕ್ಕ ಕಲಿಯುವುದು ಎಲ್ಲೋ ಯಾರೋ ತೋಡಿದ ಗುಂಡಿಗಳಿಂದ. ಗುಂಡಿಗಳು ಬಹುಪಾಲು ಜೀಪು ಹೋಗುವ ರಸ್ತೆಯ ಆಸುಪಾಸಿನಲ್ಲಿರುತ್ತವೆ. ರಸ್ತೆಯಿಂದ ದೂರದ ಮಡ್ಡಿಯ ಬಗ್ಗೆ ಕಂಪ್ಯೂಟರ್ ಹೇಳುವುದು ಊಹೆ. ಆ ಊಹೆಯೂ ನಿಜವಾಗಿ ಅಳೆದದ್ದೂ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಬಂದಾಗ ನೋಡುವವರಿಗೆ ಭೇದ ತಿಳಿಯುವುದಿಲ್ಲ. ಹೊಸ ಗುಂಡಿಗಳ ಖರ್ಚು ಉಳಿಸಲು ಈ ವಿದ್ಯೆಯನ್ನು ಬಳಸಿಕೊಳ್ಳುವ ಆತುರವನ್ನು ನಾನು ಒಪ್ಪಲಾರೆ. ಗುಂಡಿ ನಿಂತುಹೋದ ದಿನ ಕಂಪ್ಯೂಟರಿಗೆ ಕಲಿಯಲು ಹೊಸದೇನೂ ಉಳಿಯುವುದಿಲ್ಲ.

ಉಪಗ್ರಹಕ್ಕೆ ನಿಜವಾದ ಮೇಲುಗೈ ಇರುವುದು ಬದಲಾವಣೆಯನ್ನು ಹಿಡಿಯುವಲ್ಲಿ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಎರೆಭೂಮಿಗೆ ಕಾಲುವೆ ನೀರು ಬಂತು, ಭತ್ತ ಹಬ್ಬಿತು, ಅಂತರ್ಜಲ ಮೇಲೇರಿತು, ಅದರ ಜೊತೆ ಉಪ್ಪೂ ಏರಿತು. ಬೇಸಿಗೆಯಲ್ಲಿ ಬಿಳಿ ಪೊರೆ ಕಟ್ಟುವ ಚೌಳು ಚಿತ್ರದಲ್ಲಿ ಎದ್ದು ಕಾಣುತ್ತದೆ. ಹತ್ತು ವರ್ಷ ಹಿಂದಿನ ಚಿತ್ರದ ಪಕ್ಕ ಇಂದಿನದನ್ನು ಇಟ್ಟರೆ ಎಷ್ಟು ಹರಡಿದೆ ಎಂಬುದಕ್ಕೆ ವಾದ ಬೇಕಿಲ್ಲ. ದೇಶದಲ್ಲಿ 67.3 ಲಕ್ಷ ಹೆಕ್ಟೇರ್ ಲವಣಪೀಡಿತ ಭೂಮಿ ಇದೆ ಎಂಬ ಅಂಕಿ ಬಂದದ್ದೂ ಉಪಗ್ರಹ ಚಿತ್ರ, ಹೊಲದ ಪರೀಕ್ಷೆ ಎರಡನ್ನೂ ಮೂರು ರಾಷ್ಟ್ರೀಯ ಸಂಸ್ಥೆಗಳು ತಾಳೆ ನೋಡಿದ ಮೇಲೆ. ಇಲ್ಲೂ ಒಂದು ಎಚ್ಚರಿಕೆ ಇದೆ. ಬಿಳಿ ಪೊರೆ ಕಾಣುವಷ್ಟರಲ್ಲಿ ರೋಗ ಬಲಿತಿರುತ್ತದೆ. ಸೋಡಿಯಂ ಹೆಚ್ಚಾದ ಕೆಲವು ನೆಲ ಬಿಳಿಯಾಗುವ ಬದಲು ಇನ್ನಷ್ಟು ಕಪ್ಪಾಗುತ್ತದೆ. ಆರಂಭದ ಚೌಳನ್ನು ಹಿಡಿಯಲು ಮಣ್ಣಿನ ಮಾದರಿ, ಅಳತೆಯ ಉಪಕರಣ, ಜೊತೆಗೆ ಗದ್ದೆಯಲ್ಲಿ ಪೈರು ತೇಪೆ ತೇಪೆಯಾಗಿ ಸೊರಗಿದ್ದನ್ನು ಮೊದಲು ಕಂಡ ರೈತರ ಮಾತು, ಮೂರೂ ಬೇಕು.

ಮುಂದೆ ಬರುವ ದಿನಗಳು ಆಸೆ ಹುಟ್ಟಿಸುವಂತಿವೆ. ಇಸ್ರೊ, ನಾಸಾ ಒಟ್ಟಾಗಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದೆ. ಅದರ ರೇಡಾರ್ ಮೋಡದಾಚೆಗೂ ನೋಡುತ್ತದೆ, ಹನ್ನೆರಡು ದಿನಗಳಿಗೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ, ಮೇಲ್ಮಣ್ಣಿನ ತೇವವನ್ನು ಅಂದಾಜಿಸಬಲ್ಲದು. ನೂರಾರು ಸಣ್ಣ ಪಟ್ಟಿಗಳಲ್ಲಿ ಬೆಳಕನ್ನು ಒಡೆದು ಓದುವ ಉಪಗ್ರಹಗಳೂ ಬಂದಿವೆ. ನಮ್ಮ ಹೈಸಿಸ್ 2018ರಲ್ಲಿ ಹಾರಿತು. ಜೇಡಿ, ಸುಣ್ಣದ ಗುರುತುಗಳು ಇವುಗಳಿಗೆ ದಕ್ಕುತ್ತವೆ.

ಸರ್ಕಾರ 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಚೀಟಿ ಬಹಳ ಮನೆಗಳಲ್ಲಿ ಇದೆ. ಅದು ಹನ್ನೆರಡು ಅಂಶಗಳನ್ನು ಹೇಳುತ್ತದೆ: ಸಾರಜನಕ, ರಂಜಕ, ಸತು, ಬೋರಾನ್ ಇತ್ಯಾದಿ. ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಆದರೆ ಅದರಲ್ಲಿ ಮಣ್ಣಿನ ಆಳ ಇಲ್ಲ. ಗೊಬ್ಬರ ಎಷ್ಟು ಎಂದು ತಿಳಿಯುತ್ತದೆ, ಆ ಗೊಬ್ಬರಕ್ಕೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುವುದಿಲ್ಲ. ಸುಜಲಾದ ಭೂ ಸಂಪನ್ಮೂಲ ಚೀಟಿ ಆಳವನ್ನೂ ಹೇಳುತ್ತದೆ, ಕನ್ನಡದಲ್ಲಿ ಹೇಳುತ್ತದೆ. 2021ರ ನಂತರ ರಿವಾರ್ಡ್ ಎಂಬ ಹೆಸರಿನಲ್ಲಿ ಈ ಕೆಲಸ ಮುಂದುವರಿದಿದೆ. ಆಳ, ಇಳಿಜಾರು, ಗರಸು ಈ ಮೂರನ್ನಾದರೂ ಪ್ರತಿ ಜಿಲ್ಲೆಯ ಪ್ರತಿ ಸರ್ವೆ ನಂಬರಿಗೆ ಸೇರಿಸಬೇಕು. ಚೀಟಿಯಲ್ಲಿ ಮಸಾರಿ, ಎರೆ, ಮಡ್ಡಿ, ಜೇಡಿ ಎಂದು ಆಯಾ ಸೀಮೆಯವರು ಕರೆಯುವ ಹೆಸರೂ ಇರಬೇಕು.

ಈ ನೆಲದಲ್ಲಿ ಇಂಥ ಅಳತೆ ಹೊಸದೇನಲ್ಲ. 1835ರ ಸುಮಾರಿಗೆ ಬ್ರಿಟಿಷ್ ಅಧಿಕಾರಿಗಳಾದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಮುಂಬಯಿ ಪ್ರಾಂತದಲ್ಲಿ ಕಂದಾಯ ಸರ್ವೆ ಶುರುಮಾಡಿದಾಗ ಪ್ರತಿ ಹೊಲದಲ್ಲೂ ಮಣ್ಣು ಅಗೆದು ನೋಡುವ ನಿಯಮ ಇತ್ತು. 1847ರ ಜಂಟಿ ವರದಿ ಅದನ್ನು ಗಟ್ಟಿಗೊಳಿಸಿತು. ಹೊಲವನ್ನು ಚೌಕಗಳಾಗಿ ಹೆಚ್ಚಿ, ಒಂದೊಂದು ಚೌಕದಲ್ಲೂ ಮಣ್ಣಿನ ಬಣ್ಣ, ಆಳ ನೋಡಿ ದರ್ಜೆ ಬರೆಯುತ್ತಿದ್ದರು. ಒಂದೂಮುಕ್ಕಾಲು ಮೊಳ ಆಳದ ನಯವಾದ ಕಪ್ಪು ಮಣ್ಣಿಗೆ ಹದಿನಾರಾಣೆ. ಆಳ ಕಾಲು ಮೊಳ ಇಳಿದಂತೆ ಆಣೆಯೂ ಇಳಿಯುತ್ತಿತ್ತು, ಎರಡಾಣೆಯವರೆಗೆ. ಸುಣ್ಣದ ಹರಳು, ಮರಳು, ಇಳಿಜಾರು, ನೀರು ನಿಲ್ಲುವುದು, ನೀರು ಕೊಚ್ಚುವುದು ಇವಕ್ಕೆಲ್ಲ ಒಂದೊಂದು ಚಿಹ್ನೆ, ಒಂದು ದೋಷಕ್ಕೆ ಒಂದು ದರ್ಜೆ ಕಡಿತ. ಧಾರವಾಡ, ಬೆಳಗಾವಿ, ಅಂದಿನ ಕಲಾದಗಿ ಸೀಮೆಗಳಲ್ಲಿ ಈ ಪದ್ಧತಿ ನಡೆಯಿತು. ಮೈಸೂರು ಸಂಸ್ಥಾನವೂ 1860ರ ದಶಕದಲ್ಲಿ ಅದನ್ನೇ ಹಿಡಿಯಿತು. ಉದ್ದೇಶ ಕಂದಾಯ ವಸೂಲಿ, ರೈತನ ಹಿತವಲ್ಲ. ಆದರೂ ಹೊಲಹೊಲದ ಆಳವನ್ನು ಯಾರೋ ಮೊಳದಲ್ಲಿ ಅಳೆದು ಬರೆದಿಟ್ಟರು.

ಆ ವರ್ಗೀಕರಣದ ಪುಸ್ತಕಗಳು ದಾಖಲೆ ಕೊಠಡಿಗಳಲ್ಲಿ ಉಳಿದಿರುವಷ್ಟನ್ನಾದರೂ ಈಗ ಹೊರತೆಗೆದು ಸ್ಕ್ಯಾನ್ ಮಾಡಿಸಬೇಕು. ಪಹಣಿ, ಟಿಪ್ಪಣಿಗಳನ್ನು ಡಿಜಿಟಲ್ ಮಾಡಲು ಹಣ ಇರುವಾಗ ಇದಕ್ಕೆ ಇಲ್ಲ ಎನ್ನಲಾಗದು. ಒಂದೂಮುಕ್ಕಾಲು ಮೊಳ ಎಂದರೆ ಸುಮಾರು 80 ಸೆಂಟಿಮೀಟರ್. ಅದಕ್ಕಿಂತ ಆಳವಾದ ಹೊಲಗಳ ಬಗ್ಗೆ ಆ ಪುಸ್ತಕ ಮಾತಾಡುವುದಿಲ್ಲ. ಆದರೆ ತೆಳುಮಣ್ಣಿನ ಹೊಲಗಳ ಬಗ್ಗೆ, ಅಂದರೆ ಕೊರೆತಕ್ಕೆ ಮೊದಲು ತುತ್ತಾಗುವ ಇಳಿಜಾರುಗಳ ಬಗ್ಗೆ, ಖಚಿತವಾಗಿ ಹೇಳುತ್ತದೆ. ಅದೇ ಸರ್ವೆ ನಂಬರಿನಲ್ಲಿ ಸುಜಲಾದವರು ತೋಡಿದ ಗುಂಡಿಯ ಆಳವನ್ನು ಪಕ್ಕದಲ್ಲಿ ಬರೆದರೆ, ನೂರೈವತ್ತು ವರ್ಷಗಳಲ್ಲಿ ಆ ಹೊಲ ಎಷ್ಟು ಬೆರಳು ಮಣ್ಣು ಕಳೆದುಕೊಂಡಿತು ಎಂಬ ಲೆಕ್ಕ ಹತ್ತಿರಹತ್ತಿರ ಸಿಗುತ್ತದೆ. ಎಷ್ಟು ಸ್ಪಷ್ಟತೆಯ ಕ್ಯಾಮೆರಾ ಹಾರಿಸಿದರೂ ಈ ಲೆಕ್ಕ ಆಕಾಶದಿಂದ ಸಿಗದು. ಗದಗದಲ್ಲೋ ವಿಜಯಪುರದಲ್ಲೋ ಒಂದು ಕಿರು ಜಲಾನಯನವನ್ನು ಆರಿಸಿಕೊಂಡು ಒಂದು ಕೃಷಿ ವಿಶ್ವವಿದ್ಯಾಲಯ ಮತ್ತು ಭೂದಾಖಲೆ ಇಲಾಖೆ ಒಟ್ಟಿಗೆ ಕೂತರೆ ಒಂದು ಬೇಸಿಗೆಯಲ್ಲಿ ಶುರುಮಾಡಬಹುದಾದ ಕೆಲಸ ಇದು.